ರೈಟ್ ಅಂದರೆ ಬಲಗಡೆ ಅಲ್ಲ

ನಮ್ಮ ದೊಡ್ಡಮ್ಮನ ಭಾಷೆಯಲ್ಲಿ ಇರುವುದು ಎರಡೇ ಶಬ್ದ. ಉಳಿದದ್ದೆಲ್ಲ ಆ ಎರಡು ಶಬ್ದಗಳ ನಡುವೆ ಹೊತ್ತು ಕಳೆಯಲು ಆಡುವ ಮಾತು. ಹಾಗೆಂದು ಆಕೆ ಮಿತಭಾಷಿ ಎಂದುಕೊಂಡೀರಿ, ಜೋಕೆ! ಆ ಹೊತ್ತು ಕಳೆಯುವ ಮಾತು ಹೊಸಪೇಟೆಯಿಂದ ಕಂಪ್ಲಿಗೆ ಹೋಗಿ, ಅಲ್ಲಿ ಚಹಾ ಕುಡಿದು, ವಾಪಸ್ ಬರುವಷ್ಟು ಉದ್ದವಿರುತ್ತದೆ. ಆದರೂ ಲೆಕ್ಕಕ್ಕೆ ಬರುವ ಶಬ್ದಗಳು ಎರಡೇ. ಒಂದು ‘ರೈಟ್’, ಇನ್ನೊಂದು ‘ಹೋಲ್ಡಾನ್’.

ನಗಬೇಡಿ. ಇವೆರಡರಲ್ಲಿ ಒಂದನ್ನು ನಾನು ಬಳಸಬಾರದ ಜಾಗದಲ್ಲಿ ಬಳಸಿದ್ದರಿಂದ ಒಂದು ಜೀವ... ಬೇಡ, ಅದನ್ನು ಆಮೇಲೆ ಹೇಳುತ್ತೇನೆ. ಈಗಲೇ ಶುರು ಮಾಡಿದರೆ ಅಕ್ಷರ ತಪ್ಪುತ್ತದೆ. ಇಷ್ಟು ಮಾತ್ರ ತಿಳಿದಿರಲಿ: ನಾನು ಕಣ್ಣು ಮುಚ್ಚಿದರೆ ಸಾಕು, ಒಂದು ಹಿಮ್ಮಡಿ ಕಾಣಿಸುತ್ತದೆ. ಚರ್ಮದ ಚಪ್ಪಲಿಯ, ಬಿರುಕು ಬಿಟ್ಟ, ಬಡಪಾಯಿ ಹಿಮ್ಮಡಿ. ಅದರ ಕೆಳಗೆ ನೆಲವಿಲ್ಲ!

ದೊಡ್ಡಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವಳು. ದೊಡ್ಡಪ್ಪ ಡ್ರೈವರ್. ಇಬ್ಬರನ್ನೂ ಒಂದೇ ಬಸ್ಸಿಗೆ ಹಾಕಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವರ ಸರ್ವಿಸಿನ ಬಹುಪಾಲು ಹೊಸಪೇಟೆ–ಕಂಪ್ಲಿ ದಾರಿಯಲ್ಲೇ ಸವೆಯಿತು. ಹಿಂದಿನ ಬಾಗಿಲಿನಿಂದ ಆಕೆ ‘ರೈಟ್!’ ಎಂದರೆ ಬಸ್ಸು ಹೊರಡುತ್ತಿತ್ತು, ‘ಹೋಲ್ಡಾನ್!’ ಎಂದರೆ ನಿಲ್ಲುತ್ತಿತ್ತು. ದೊಡ್ಡಪ್ಪ ಹಿಂದೆ ತಿರುಗಿ ನೋಡಿದವನಲ್ಲ. ಯಾಕೆ ಹೊರಡಬೇಕು, ಯಾಕೆ ನಿಲ್ಲಬೇಕು ಎಂದು ಕೇಳಿದವನೂ ಅಲ್ಲ. ದಾಂಪತ್ಯದ ಗುಟ್ಟು ಏನು ಎಂದು ಊರಿನವರು ಪುಸ್ತಕ ಓದುತ್ತಾರೆ, ಪ್ರವಚನ ಕೇಳುತ್ತಾರೆ. ನಮ್ಮ ಮನೆಯಲ್ಲಿ ಎರಡು ಶಬ್ದದಲ್ಲಿ ಮುಗಿದಿತ್ತು!

ಬಸ್ಸಿನಿಂದ ಇಳಿದ ಮೇಲೂ ಅವರು ಬಸ್ಸಿನಿಂದ ಇಳಿಯಲಿಲ್ಲ. ಅನ್ನ ಬಡಿಸುವಾಗ ದೊಡ್ಡಪ್ಪ ‘ಸಾಕು’ ಅನ್ನುವುದಿಲ್ಲ, ‘ಹೋಲ್ಡಾನ್’ ಅನ್ನುತ್ತಾನೆ. ಬಂದ ನೆಂಟರನ್ನು ಕಳಿಸುವಾಗ ದೊಡ್ಡಮ್ಮ ಬಾಗಿಲಿಗೆ ಎರಡು ಸಲ ಬಡಿದು ‘ರೈಟ್ ರೈಟ್!’ ಅನ್ನುತ್ತಾಳೆ; ಅಭ್ಯಾಸವಿಲ್ಲದ ಹೊಸ ಬೀಗರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ್ದುಂಟು. ನನ್ನ ಅಣ್ಣನ ಮದುವೆಯಲ್ಲಿ ಪುರೋಹಿತರು ಮಂತ್ರವನ್ನು ಜಗ್ಗುತ್ತಾ ಹೋದಾಗ ಹಿಂದಿನ ಸಾಲಿನಿಂದ ಒಂದು ‘ರೈಟ್!’ ಕೇಳಿಸಿತು. ಮದುಮಗ ತಾಳಿ ಕಟ್ಟಿಯೇ ಬಿಟ್ಟ. ಪುರೋಹಿತರು ಇನ್ನೂ ಹಿಂದಿನ ಸ್ಟಾಪಿನಲ್ಲೇ ಇದ್ದರು!

ಇಂಥ ಗಾಡಿ ಒಂದು ದಿನ ಕೆಟ್ಟು ನಿಂತಿತು.

ರಿಟೈರ್ ಆದ ಮರುದಿನ ದೊಡ್ಡಪ್ಪ ಪಡಸಾಲೆಯ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ. ಕುಳಿತವನು ಏಳಲಿಲ್ಲ. ಊಟ, ಪೇಪರು, ನಿದ್ದೆ ಎಲ್ಲ ಅದರಲ್ಲೇ. ರಸ್ತೆಯಲ್ಲಿ ಯಾರಾದರೂ ಜೋರಾಗಿ ಗಾಡಿ ಓಡಿಸಿದರೆ ಅವನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು; ಆ ಕಾಲಿಗೆ ಅದೊಂದೇ ವ್ಯಾಯಾಮ. ದೊಡ್ಡಮ್ಮ ರಿಟೈರ್ ಆಗಿ ಮನೆಗೆ ಬರುವಷ್ಟರಲ್ಲಿ ಕುರ್ಚಿ ಯಾವುದು, ಗಂಡ ಯಾವುದು ಎಂದು ಹತ್ತಿರ ಹೋಗಿ ನೋಡಬೇಕಾಗಿತ್ತು. ಡಾಕ್ಟರ ಬಳಿ ಕರೆದುಕೊಂಡು ಹೋದಳು.

“ಹಿಂಗಾ ಕುಂತ್ರ ಕಾಲು ಕೈ ಕೊಡ್ತಾವ ನೋಡ್ರಿ” ಎಂದರು ಡಾಕ್ಟರು.

“ಛಲೋ ಆತಲ್ರಿ” ಎಂದ ದೊಡ್ಡಪ್ಪ. “ಇರೋ ಎರಡು ಕೈ ಸಾಲಾಂಗಿಲ್ಲ ಈಗ.”

ಡಾಕ್ಟರು ನಗಲಿಲ್ಲ. ದೊಡ್ಡಮ್ಮನ ಕಡೆ ತಿರುಗಿ, “ಈಗ ಎಬ್ಬಿಸಿ ನಡೆಸ್ರಿ ಅಮ್ಮಾ. ಮುಂದ ನೀವು ಎಬ್ಬಿಸಿದ್ರೂ ಅವ್ರಿಗೆ ಏಳಾಕ ಆಗಂಗಿಲ್ಲ” ಎಂದರು. ಆ ದಿನ ಆಸ್ಪತ್ರೆಯಿಂದ ಮನೆಯವರೆಗೆ ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ. ಹೊಸಪೇಟೆಯ ಇತಿಹಾಸದಲ್ಲಿ ಅದು ಮೊದಲ ಸಲ!

ಆಮೇಲೆ ಶುರುವಾಯಿತು ನೋಡಿ ಅವಳ ಎಬ್ಬಿಸುವ ಯುದ್ಧ. ಪೇಪರನ್ನು ಮಾಳಿಗೆಯ ಮೇಲೆ ಬಚ್ಚಿಟ್ಟಳು. ದೊಡ್ಡಪ್ಪ ಮಿರ್ಚಿ ಕಟ್ಟಿ ತಂದ ಹಳೇ ಪೇಪರನ್ನೇ ಓದಿ, ಅದರಲ್ಲಿದ್ದ ಎಂದೋ ಮುಗಿದುಹೋದ ಚುನಾವಣೆಯ ಬಗ್ಗೆ ಚಿಂತೆ ಮಾಡಿದ. ಚಹಾವನ್ನು ಆಚೆ ಮನೆಯ ಕಟ್ಟೆಯ ಮೇಲೆ ಇಟ್ಟಳು. ಆಚೆ ಮನೆಯವರು ಕುಡಿದರು. ಪಕ್ಕದವರ ನಾಯಿಯನ್ನು ಬೇಡಿ ತಂದು “ಇದನ್ನ ತಿರುಗಾಡಿಸ್ಕಂಡು ಬರ್ರಿ” ಎಂದು ಹಗ್ಗ ಕೈಗೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಹೋಗಿ ನೋಡಿದರೆ ನಾಯಿಯೂ ಕುಂತಿತ್ತು. ‘ರೈಟ್!’ ಎಂದು ಕಿರುಚಿಯೂ ನೋಡಿದಳು. “ಗಾಡಿ ಇಲ್ಲದ ರೈಟು ಯಾಕ ಕಂಡಕ್ಟ್ರೇ?” ಎಂದ ದೊಡ್ಡಪ್ಪ. ಅವನು ಹೆಂಡತಿಯನ್ನು ಕರೆಯುವುದೇ ಹಾಗೆ, ಕಂಡಕ್ಟ್ರೇ ಅಂತ.

ಹೀಗಿರುವಾಗ ದೊಡ್ಡಮ್ಮ ಫೋನಿಗೆ ಹೊಸ ಗ್ಲಾಸು ಹಾಕಿಸಲು ಪೇಟೆಗೆ ಹೋದಳು. ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸು. ‘ವಿಡಿಯೋ ಎಡಿಟಿಂಗ್ ಕಲಿಸಲಾಗುವುದು’ ಎಂದು ಬೋರ್ಡು. ಮೆಟ್ಟಿಲು ಹತ್ತಿ ಹೋಗಿ, ಅಲ್ಲಿನ ಮೇಷ್ಟ್ರನ್ನು ನೇರವಾಗಿ ಕೇಳಿದಳಂತೆ: “ಕುಂತವ್ರನ್ನ ಎಬ್ಬಸಾಕ ಬರ್ತೈತೇನ್ರಿ ಇದ್ರಾಗ?”

ಆ ಬಡಪಾಯಿ, “ಎಡಿಟಿಂಗ್‌ನ್ಯಾಗ ಏನ್ ಬೇಕಾದ್ರೂ ಮಾಡಬಹುದಮ್ಮಾ” ಎಂದರಂತೆ. ಮಾತನ್ನು ಅಳೆದು ತೂಗಿ ಆಡಬೇಕು ಅಂತ ಹಿರಿಯರು ಸುಮ್ಮನೆ ಹೇಳುತ್ತಾರೆಯೇ? ದೊಡ್ಡಮ್ಮ ಮರುದಿನವೇ ಟಿಫಿನ್ ಡಬ್ಬಿ ಹಿಡಿದು ಕ್ಲಾಸಿಗೆ ಹಾಜರು!

ನಿಜ ಹೇಳುತ್ತೇನೆ, ಆ ಸಾಫ್ಟ್‌ವೇರನ್ನು ಅವಳಷ್ಟು ಬೇಗ ಅರ್ಥ ಮಾಡಿಕೊಂಡವರು ಆ ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಯಾಕೆಂದರೆ ಅವಳು ಸಾಫ್ಟ್‌ವೇರನ್ನು ಕಲಿಯಲೇ ಇಲ್ಲ. ಅದನ್ನು ಬಸ್ಸಿಗೆ ಹತ್ತಿಸಿಕೊಂಡಳು. ಪರದೆಯ ಕೆಳಗೆ ಉದ್ದಕ್ಕೆ ಚಾಚಿಕೊಂಡ ಟೈಮ್‌ಲೈನು ಅಂದರೆ ಕಂಪ್ಲಿ ರಸ್ತೆ. ಅದರ ಮೇಲಿನ ತುಂಡು ತುಂಡು ವಿಡಿಯೋಗಳು ಸ್ಟಾಪುಗಳು. ಮೇಲೆ ಹರಿಯುವ ಗೆರೆ ನಮ್ಮ ಗಾಡಿ. ಪ್ಲೇ ಒತ್ತಿದರೆ ರೈಟ್, ಪಾಝ್ ಒತ್ತಿದರೆ ಹೋಲ್ಡಾನ್. ಎಲ್ಲ ಮುಗಿದ ಮೇಲೆ ಕಂಪ್ಯೂಟರು ‘ತಾಳಿ, ತಾಳಿ’ ಎಂದು ಮೂಲೆಯಲ್ಲಿ ಚಕ್ರ ತಿರುಗಿಸುತ್ತಾ ನಿಲ್ಲುತ್ತದಲ್ಲ, ಅದು ರೈಲ್ವೆ ಗೇಟು. “ಗೂಡ್ಸ್ ಹೊಂಟೈತಿ, ಸುಮ್ಕ ಕುಂದ್ರಿ” ಎಂದು ಇಡೀ ಕ್ಲಾಸಿಗೆ ಸಮಾಧಾನ ಹೇಳುತ್ತಿದ್ದಳಂತೆ.

ಅವಳಿಗೆ ಬಾರದ್ದು ಒಂದೇ: ಕತ್ತರಿಸುವುದು. ಎಡಿಟಿಂಗ್ ಕಲಿಯಲು ಹೋಗಿ ಕತ್ತರಿಸಲು ಬಾರದಿದ್ದರೆ ಹೇಗೆ? ಮಿರ್ಚಿ ಕರಿಯುವವನ ಮೇಲೆ ಸಣ್ಣದೊಂದು ವಿಡಿಯೋ ಮಾಡಿಕೊಂಡು ಬನ್ನಿ ಎಂದರೆ ಇವಳು ಹೆಚ್ಚುಕಡಿಮೆ ಅರ್ಧ ಊರನ್ನೇ ತಂದಳು. ಮಿರ್ಚಿಯವನ ಹಿಂದೆ ಹಾದುಹೋದ ಮುದುಕ, ಸೈಕಲ್ಲು, ಎಮ್ಮೆ, ‘ನನ್ನನ್ನೂ ತೆಗೀರಿ’ ಎಂದು ಇಣುಕಿದವರು, ಎಲ್ಲರೂ ಪೂರ್ತಿ ಪೂರ್ತಿ ಇದ್ದರು.

“ಈ ಎಮ್ಮೆ ತೆಗೀಬೇಕಮ್ಮಾ” ಎಂದರು ಮೇಷ್ಟ್ರು.

“ಹ್ಯಾಂಗ ತೆಗೀಲ್ರಿ ಸರ್? ಅದರ ಸ್ಟಾಪ್ ಇನ್ನಾ ಬಂದಿಲ್ಲ. ಅದು ಇತ್ಲಾಗಿಂದ ಹತ್ತೈತಿ, ಅತ್ಲಾಗ ಇಳೀತೈತಿ. ನಡು ದಾರ್ಯಾಗ ಇಳಿಸಿ ಬರಾಕಿ ಅಲ್ಲ ನಾನು.”

ಎಮ್ಮೆ ತನ್ನ ಸ್ಟಾಪಿನಲ್ಲೇ, ನಿಧಾನವಾಗಿ, ಬಾಲ ಬೀಸುತ್ತಾ ಇಳಿಯಿತು.

ಅವಳಿಗೆ ಬಹಳ ಹಿಡಿಸಿದ್ದು ವಿಡಿಯೋವನ್ನು ಹಿಂದುಮುಂದಾಗಿ ಓಡಿಸುವ ವಿದ್ಯೆ. ಅದನ್ನು ಕಲಿತ ದಿನ ಓಡೋಡಿ ಬಂದವಳು, ಮರುದಿನ ಬೆಳಿಗ್ಗೆ ದೊಡ್ಡಪ್ಪ ಹಾಸಿಗೆಯಿಂದ ಬಂದು ಕುರ್ಚಿಯಲ್ಲಿ ಕೂರುವುದನ್ನು ಫೋನಿನಲ್ಲಿ ಹಿಡಿದಳು. ಹಿಂದುಮುಂದು ಮಾಡಿದಳು. ನಮ್ಮನ್ನೆಲ್ಲ ಕರೆದು ತೋರಿಸಿದಳು. ಆಹಾ! ದೊಡ್ಡಪ್ಪ ಕುರ್ಚಿಯಿಂದ ಹೂವಿನ ಹಾಗೆ ಮೇಲಕ್ಕೆದ್ದ. ಬೆನ್ನು ಮುಂದಾಗಿ ನಡೆದ. ನಮ್ಮ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ನೋಡ್ರಿ, ಎದ್ದ್ರಿ ನೀವು! ಎಷ್ಟು ಹಗುರ ಎದ್ದ್ರಿ!” ಎಂದಳು.

ದೊಡ್ಡಪ್ಪ ಎರಡೆರಡು ಸಲ ನೋಡಿ ತಲೆದೂಗಿದ. “ಮಸ್ತ್ ಎದ್ದೀನಿ. ಅಲ್ಲಾ, ಎದ್ದಿದ್ದು ಆತಂದ್ಮ್ಯಾಗ ಮತ್ತ್ಯಾಕ ಏಳ್ಬೇಕು?”

ಈ ಹೊತ್ತಿಗೆ ಮೇಷ್ಟ್ರು ಎಲ್ಲರಿಗೂ ಒಂದು ನಿಮಿಷದ ಪ್ರಾಕ್ಟೀಸ್ ಫಿಲ್ಮು ಮಾಡಲು ಹೇಳಿದ್ದರು. ಒಬ್ಬರು ಮನುಷ್ಯರು, ಒಂದು ಕೆಲಸ, ಅಷ್ಟೇ ಇರಬೇಕು. ದೊಡ್ಡಮ್ಮ ಕಥೆ ಬರೆದಳು: ‘ಒಬ್ಬರು ಕುರ್ಚಿಯಿಂದ ಎದ್ದು ನಡೆಯುತ್ತಾರೆ.’

“ಇದ್ರಾಗ ಕಥಿ ಎಲ್ಲೈತಿ ದೊಡ್ಡಮ್ಮಾ?” ಎಂದೆ.

“ನಮ್ಮನಿಯಾಗ ಇದಕ್ಕಿಂತ ದೊಡ್ಡ ಕಥಿ ಯಾವ್ದೈತಿ, ನೀನಾ ಹೇಳು” ಎಂದಳು.

ದೊಡ್ಡಪ್ಪ ಪಾರ್ಟು ಮಾಡಲು ಖಡಾಖಂಡಿತ ಒಪ್ಪಲಿಲ್ಲ. ಆಗ ದೊಡ್ಡಮ್ಮ ಒಂದು ಉಪಾಯ ಮಾಡಿದಳು. ಫೋನನ್ನು ಅಡ್ಡ ಹಿಡಿದು ಅವನ ಎರಡೂ ಕೈಗೆ ಕೊಟ್ಟು, “ಪಾರ್ಟ್ ಬ್ಯಾಡ ಬಿಡ್ರಿ. ಇದು ಗಾಡಿ. ಇದು ಮುಂದಿನ ಗ್ಲಾಸು. ಓಡಿಸ್ತೀರೇನು?” ಎಂದಳು. ದೊಡ್ಡಪ್ಪ ಆ ಸಣ್ಣ ಗ್ಲಾಸಿನೊಳಗೆ ನೋಡಿದ. ಬೆರಳುಗಳು ಅದರ ಅಂಚನ್ನು ಸ್ಟೇರಿಂಗ್ ಹಿಡಿದಂತೆ ಹಿಡಿದವು. “ರೈಟ್” ಎಂದಳು ದೊಡ್ಡಮ್ಮ, ಬಹಳ ಮೆತ್ತಗೆ. ಎದ್ದ! ಹಿಂದುಮುಂದು ಮಾಡದೆಯೇ ಎದ್ದ!

ಆದರೆ ಶಾಟ್ ಮುಗಿದ ಕೂಡಲೇ ಮತ್ತೆ ಕುರ್ಚಿ. ಅದೇ ಒಪ್ಪಂದ. ಹಾಗಾಗಿ ನಾವು ಎಲ್ಲಿಗೆ ಶೂಟಿಂಗಿಗೆ ಹೋದರೂ ಆಟೋದ ತಲೆಯ ಮೇಲೆ ನೀಲಿ ಕುರ್ಚಿ ಉತ್ಸವಮೂರ್ತಿಯಂತೆ ಬರುತ್ತಿತ್ತು. ಕುರ್ಚಿಯಿಂದ ಏಳುವ ಪಾರ್ಟು ನನಗೆ ಬಿತ್ತು. ನಾನು ಕುರೆಕುಪ್ಪದ ಕಡೆ ಒಂದು ಕಾರ್ಖಾನೆಯಲ್ಲಿ ಸುರಕ್ಷತಾ ವಿಭಾಗದಲ್ಲಿದ್ದೇನೆ. ಹೆಲ್ಮೆಟ್ ಹಾಕಿರಿ, ಅಂಚಿನಲ್ಲಿ ನಿಲ್ಲಬೇಡಿ, ಹಿಂದೆ ನೋಡದೆ ಹಿಂದಕ್ಕೆ ನಡೆಯಬೇಡಿ ಎಂದು ದಿನಾ ಮೈಕಿನಲ್ಲಿ ಹೇಳುವವಳು ನಾನೇ. ಈ ಮಾತು ನೆನಪಿರಲಿ. ನನಗಂತೂ ಮರೆಯಲಾಗುತ್ತಿಲ್ಲ.

ಕಂಪ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ತೆಗೆದ ಶಾಟು ಕೆಟ್ಟಿತು. ನಾನು ಗಂಭೀರವಾಗಿ ಕುರ್ಚಿಯಿಂದ ಏಳುವಷ್ಟರಲ್ಲಿ ಗಂಟು ಹೊತ್ತ ಒಬ್ಬ ಅಜ್ಜಿ ನಡುವೆ ಬಂದು, ದೊಡ್ಡಮ್ಮನ ಗುರುತು ಹಿಡಿದು, “ಅಮ್ಮಾರೇ, ಹೊಸಪೇಟಿ ಬಸ್ಸು ಎಷ್ಟೊತ್ತಿಗೈತ್ರೀ?” ಎಂದಳು. ದೊಡ್ಡಮ್ಮ ಶೂಟಿಂಗ್ ಬಿಟ್ಟು ಬಸ್ಸಿನ ಹೊತ್ತು ಹೇಳಿ, ಅಜ್ಜಿಯನ್ನು ಹತ್ತಿಸಿ, ಸೀಟು ಕೊಡಿಸಿ, ಬಸ್ಸಿನ ಬೆನ್ನಿಗೆ ಎರಡು ಏಟು ಬಡಿದು ‘ರೈಟ್’ ಎಂದು ಬಂದಳು. ದೊಡ್ಡಪ್ಪ ಅದನ್ನೆಲ್ಲ ನಿಷ್ಠೆಯಿಂದ ಶೂಟ್ ಮಾಡಿದ್ದ. ಪಾರ್ಟು ನನ್ನದು, ಪಿಕ್ಚರು ಅಜ್ಜಿಯದು!

ಸಂಡೂರಿನ ರಸ್ತೆಯಲ್ಲಿ ತೆಗೆದದ್ದು ಚೆನ್ನಾಗಿಯೇ ಬಂತು, ಬಣ್ಣ ಒಂದು ಬಿಟ್ಟು. ಮೈ, ಮುಖ, ಮರ, ಆಕಾಶ, ನೀಲಿ ಕುರ್ಚಿ ಸಮೇತ ಎಲ್ಲವೂ ಇಟ್ಟಂಗಿ ಕೆಂಪು. ಮೇಷ್ಟ್ರು ಕಣ್ಣರಳಿಸಿ, “ಭಾಳ ಚಂದ ಬಂದೈತಮ್ಮಾ! ಯಾವ ಫಿಲ್ಟರ್ ಹಾಕಿದ್ರಿ?” ಎಂದರು.

“ಯಶವಂತನಗರದ ಅದಿರು ಲಾರಿ” ಎಂದಳು ದೊಡ್ಡಮ್ಮ.

ಇನ್ನು ಉಳಿದದ್ದು ಹಂಪಿ. ಹೋದೆವು. ಕಲ್ಲುಕಂಬಗಳ ಮುಂದೆ ದೊಡ್ಡಪ್ಪ ಕಾಲಗಲಿಸಿ, ಫೋನು ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದ. ಅಲ್ಲಾಡುವಂತಿಲ್ಲ ಎಂದು ಕಂಡಕ್ಟರ್ ಆಜ್ಞೆ. ಕಾವಲುಗಾರ ದೂರದಿಂದಲೇ ಸೀಟಿ ಊದುತ್ತಾ ಬಂದ.

“ಏ ಅಮ್ಮಾ, ಟ್ರೈಪಾಡಿಗೆ ಪರ್ಮಿಷನ್ ಬೇಕು! ತಗೀರಿ ಅದನ್ನ!”

“ಅದು ಟ್ರೈಪಾಡಲ್ಲಪ್ಪಾ” ಎಂದಳು ದೊಡ್ಡಮ್ಮ. “ನಮ್ಮನಿಯವ್ರು.”

ಕಾವಲುಗಾರ ಹತ್ತಿರ ಬಂದು ದೊಡ್ಡಪ್ಪನನ್ನು ಮೇಲಿಂದ ಕೆಳಗೆ ನೋಡಿದ. ದೊಡ್ಡಪ್ಪ ಆಗಲೂ ಅಲ್ಲಾಡಲಿಲ್ಲ. ಹೋಲ್ಡಾನ್ ಎಂದ ಮೇಲೆ ಹೋಲ್ಡಾನ್! ಕಾವಲುಗಾರ ನಕ್ಕು, “ಮನಿಯವ್ರು ಇರ್ಲಿ. ಕುರ್ಚಿ ಮಾತ್ರ ಒಳಗ ಬ್ಯಾಡ್ರಿ” ಎಂದ. ಕುರ್ಚಿಯಿಲ್ಲದೆ ಕುರ್ಚಿಯಿಂದ ಏಳುವುದು ಹೇಗೆ? ಮೂವರೂ ಕುರ್ಚಿಯೊಡನೆ ಮತ್ತೆ ಆಟೋ ಹತ್ತಿದೆವು.

ಕಡ್ಡಿರಾಂಪುರ ದಾಟಿದ ಮೇಲೆ ದೊಡ್ಡಮ್ಮ ‘ಹೋಲ್ಡಾನ್’ ಎಂದಳು. ರಸ್ತೆಯಿಂದ ಸ್ವಲ್ಪ ಒಳಗೆ ಅಗಲವಾದ ಹಾಸುಬಂಡೆ. ಹತ್ತಲು ಸುಲಭ, ಮೇಲೆ ಅಂಗಳದಷ್ಟು ಜಾಗ. ಆಚೆ ಅಂಚಿನಿಂದ ನೋಡಿದರೆ ಬಹಳ ಕೆಳಗೆ ಬಾಳೆತೋಟ. ಗಾಳಿ ಬೀಸಿದರೆ ಎಲೆಗಳೆಲ್ಲ ಒಟ್ಟಿಗೆ ಮಗ್ಗುಲು ಬದಲಿಸುತ್ತಿದ್ದವು. “ಇಲ್ಲೇ” ಎಂದಳು.

ಅಲ್ಲಿಯವರೆಗೆ ಪ್ರತಿ ಶಾಟಿನಲ್ಲೂ ಒಂದು ಕ್ರಮವಿತ್ತು. ನಾನು ಎದ್ದು ಕ್ಯಾಮೆರಾದ ಕಡೆ ನಡೆದು ಬರಬೇಕು, ದೊಡ್ಡಪ್ಪ ಫೋನಿನ ಗ್ಲಾಸಿನೊಳಗೆ ಕಣ್ಣಿಟ್ಟು ಹಿಂದಹಿಂದಕ್ಕೆ ಹೋಗಬೇಕು, ಅವನ ಬೆನ್ನಿಗೆ ದೊಡ್ಡಮ್ಮ ನಿಂತು, ಬಸ್ಸು ರಿವರ್ಸ್ ತೆಗೆಸುವಂತೆ “ಬರ್ಲಿ, ಬರ್ಲಿ, ಬರ್ಲಿ” ಎನ್ನುತ್ತಾ ಬರಬೇಕು. ಆ ದಿನ ಮಾತ್ರ ಬಿಸಿಲು ನನ್ನ ಬೆನ್ನಿಗಿತ್ತು. ಫೋನಿನಲ್ಲಿ ನನ್ನ ಮುಖ ಮಸಿಗಡಿಗೆ. ದೊಡ್ಡಮ್ಮ ಬುತ್ತಿ ಚೀಲದಿಂದ ದೊಡ್ಡ ಸ್ಟೀಲ್ ತಾಟು ತೆಗೆದಳು. ಅದರಿಂದ ಬಿಸಿಲನ್ನು ನನ್ನ ಮುಖಕ್ಕೆ ಹೊಡೆಯಲು ಪಕ್ಕಕ್ಕೆ, ದೂರ ಹೋಗಿ ನಿಂತಳು.

“ಹಿಂದ ನೀನಾ ನೋಡ್ಕ ಮೇಡಂ. ಸೇಫ್ಟಿ ನಿನ್ನ ಡ್ಯೂಟಿ ಅಲ್ಲೇನು?” ಎಂದಳು. ಆಮೇಲೆ, “ರೈಟ್!”

ನಾನು ಎದ್ದೆ. ನಡೆದೆ. ದೊಡ್ಡಪ್ಪ ಹಿಂದಕ್ಕೆ ಹೊರಟ. ಎಷ್ಟು ಚೆಂದ ಹೋಗುತ್ತಿದ್ದ! ಮೊಣಕಾಲಿನ ನೋವಿಲ್ಲ, ಬಿಗಿತವಿಲ್ಲ. ಗ್ಲಾಸಿನಿಂದ ಕಣ್ಣು ಕದಲಿಸದೆ, ತುಂಬಿದ ಬಸ್ಸನ್ನು ಅಲುಗದಂತೆ ಸಾಗಿಸುವವನ ಹಾಗೆ. ನಾನು ಅದನ್ನೇ ನೋಡುತ್ತಾ ಮೈಮರೆತೆ. ಕಣ್ಣೆತ್ತಿದಾಗ ಅವನ ಹಿಂದೆ ಬಂಡೆ ಮುಗಿದಿತ್ತು. ಅವನ ಬಲಕ್ಕೆ ಬೇಕಾದಷ್ಟು ಜಾಗವಿತ್ತು. ಬೆನ್ನಿಗೆ ಬರೀ ಗಾಳಿ.

ನಾನು ಕೂಗಿದೆ. ಏನು ಕೂಗಿದೆ ಹೇಳಿ? ಕಾಲೇಜಿನಲ್ಲಿ ಓದಿದ್ದು, ಕಾರ್ಖಾನೆಯಲ್ಲಿ ಮೈಕಿನಲ್ಲಿ ಹೇಳಿದ್ದು ಎಲ್ಲ ಸೇರಿ ನನ್ನ ಬಾಯಿಂದ ಬಂದದ್ದು ಇದು: “ದೊಡ್ಡಪ್ಪಾ, ರೈಟ್! ರೈಟ್! ರೈಟ್!”

ಸರ್ವಿಸು ಪೂರ್ತಿ ಆ ಶಬ್ದಕ್ಕೆ ಕ್ಲಚ್ಚು ಬಿಟ್ಟ ಕಾಲು ಅದು. ರೈಟ್ ಎಂದರೆ ಬಲಗಡೆ ಎಂದು ಅದಕ್ಕೆ ಯಾರು ಹೇಳಿದ್ದರು? ರೈಟ್ ಎಂದರೆ ನಡೆ. ಜೋರಾಗಿ ರೈಟ್ ಎಂದರೆ ಜೋರಾಗಿ ನಡೆ. ದೊಡ್ಡಪ್ಪ ಹುರುಪಿನಿಂದ ಹಿಂದಕ್ಕೆ ಹೆಜ್ಜೆ ಹಾಕಿದ. ನಾನು ಇನ್ನೂ ಜೋರಾಗಿ ರೈಟ್ ಎಂದೆ. ಅವನು ಇನ್ನೂ ದೊಡ್ಡ ಹೆಜ್ಜೆ ಹಾಕಿದ. ಬಲಗಾಲಿನ ಹಿಮ್ಮಡಿ ಬಂಡೆಯನ್ನು ಬಿಟ್ಟು ಆಚೆ ಹೋಯಿತು. ಅದನ್ನು ನಾನು ನೋಡಿದೆ. ಈಗಲೂ ನೋಡುತ್ತಿದ್ದೇನೆ.

ಠಣ್!

ಸ್ಟೀಲ್ ತಾಟು ಬಂಡೆಗೆ ಬಡಿಯಿತು. ಬಸ್ಸಿನ ತಗಡಿಗೆ ಬಡಿದ ಹಾಗೆ. ಅದರ ಹಿಂದೆಯೇ, ಕಿವಿ ಹರಿದುಹೋಗುವಂತೆ, ಒಂದೇ ಒಂದು ಸಲ: “ಹೋಲ್ಡಾನ್!”

ದೊಡ್ಡಪ್ಪ ನಿಂತ. ಹೇಗೆ ನಿಂತ ಎಂದರೆ, ಹಿಮ್ಮಡಿ ಗಾಳಿಯಲ್ಲಿ, ಬೆರಳು ಬಂಡೆಯ ಮೇಲೆ, ಉಳಿದ ದೇಹ ಹಂಪಿಯ ಕಲ್ಲುಕಂಬ. ಹಿಂದೆ ತಿರುಗಿ ನೋಡಲಿಲ್ಲ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ, ತಿರುಗಿದ್ದರೆ... ಇರಲಿ ಬಿಡಿ. ಕೈಯಲ್ಲಿದ್ದ ಫೋನು ಮಾತ್ರ ಜಾರಿ ಬಂಡೆಯ ಮೇಲೆ ಬೋರಲು ಬಿತ್ತು. ದೊಡ್ಡಮ್ಮ ಓಡಲಿಲ್ಲ, ಓಡಿದರೆ ಅವನು ಬೆಚ್ಚುತ್ತಾನೆ ಎಂದೋ ಏನೋ, ನಡೆದುಕೊಂಡೇ ಹೋಗಿ ಅಂಗಿಯ ಎದೆಯನ್ನು ಮುಷ್ಟಿಯಲ್ಲಿ ಹಿಡಿದು ಈಚೆ ಎಳೆದುಕೊಂಡಳು.

ನಾನು? ನನ್ನ ಕಾಲು ಕೈ ಕೊಟ್ಟಿದ್ದವು. ಹಿಂದಕ್ಕೆ ತಡವರಿಸಿ ಕುರ್ಚಿಗೆ ಕೈ ಚಾಚಿದರೆ, ಕೈ ತಾಗಿ ಕುರ್ಚಿ ಮಗುಚಿತು. ತೋಟದ ಕಡೆಗೇ ಇಳಿಯುವ ಪಕ್ಕದ ಇಳಿಜಾರಿನಲ್ಲಿ ಜಾರಿತು, ಪುಟಿಯಿತು, ಕಟಕಟ ಕಟಕಟ ಎಂದು ಕಾಲು ಮುರಿದುಕೊಳ್ಳುತ್ತಾ ಬಾಳೆತೋಟ ಸೇರಿತು. ನಾನು ಮಂಡಿಯ ನಡುವೆ ತಲೆ ಇಟ್ಟು, ಕಿವಿ ಮುಚ್ಚಿಕೊಂಡು ಬಂಡೆಯ ಮೇಲೆಯೇ ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಕಿವಿ ಬಿಟ್ಟಾಗ ಮೊದಲು ಕೇಳಿಸಿದ್ದು ಕೆಳಗಿನಿಂದ ಬಂದ ತೋಟದವನ ದನಿ:

“ಯಾರಲೇ ಅದು ಮ್ಯಾಲಿಂದ ಕುರ್ಚಿ ಒಗಿಯೋರು? ಕುಂದ್ರಾಕ ಕೇಳಿದ್ನೇನು ನಾನು?”

ಇಳಿಯುವಾಗ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಿದ್ದಳು.

“ರೈಟ್ ಅಂದ್ಯಲ್ಲ, ಏನಂತ ತಿಳ್ಕಂಡಿದ್ದಿ?”

“ಬಲಗಡೆ, ದೊಡ್ಡಮ್ಮಾ...”

“ಬಲಗಡಿಗೆ ಕನ್ನಡದಾಗ ಶಬ್ದ ಇಲ್ಲೇನಲೇ?”

ಫಿಲ್ಮನ್ನು ಕ್ಲಾಸಿನಲ್ಲಿ ಹಾಕಿ ನೋಡಿದರು. ನಾನೂ ಹೋಗಿದ್ದೆ. ವಿಚಿತ್ರವೆಂದರೆ, ಅಪಾಯ ಅದರಲ್ಲಿ ಎಲ್ಲೂ ಇಲ್ಲ! ಕ್ಯಾಮೆರಾ ದೊಡ್ಡಪ್ಪನ ಕೈಯಲ್ಲಿತ್ತಲ್ಲ, ಅದಕ್ಕೆ ಬಂಡೆಯ ಅಂಚು ಕಂಡಿಲ್ಲ, ಹಿಮ್ಮಡಿ ಕಂಡಿಲ್ಲ. ಕಂಡದ್ದು ನಾನೊಬ್ಬಳೇ. ಕುರ್ಚಿಯಿಂದ ಎದ್ದು ಬರುತ್ತೇನೆ, ಕಣ್ಣು ತಟ್ಟೆಯಷ್ಟಾಗುತ್ತದೆ, ಬಾಯಿ ಗುಹೆಯಷ್ಟಾಗುತ್ತದೆ, ರೈಟ್ ರೈಟ್ ಎಂದು ಅರಚುತ್ತೇನೆ. ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಏನ್ ನ್ಯಾಚುರಲ್ ಆಕ್ಟಿಂಗ್ ಮೇಡಂ! ಎಲ್ಲಿ ಕಲಿತ್ರಿ?”

ನಾನು ನಮಸ್ಕಾರ ಮಾಡಿ ಕುಳಿತೆ.

“ಆದ್ರ ಕೊನಿಗೆ ಈ ಆಕಾಶ ಯಾಕಮ್ಮಾ ಇಷ್ಟುದ್ದ?” ಎಂದರು ಮೇಷ್ಟ್ರು. ಫೋನು ಬೋರಲು ಬಿದ್ದ ಮೇಲೂ ಅದರ ಬೆನ್ನಿನ ಕ್ಯಾಮೆರಾ ಓಡುತ್ತಲೇ ಇತ್ತು. ಪರದೆಯ ತುಂಬ ಬರೀ ನೀಲಿ. “ಏನೂ ಇಲ್ಲಲ್ಲ ಇದ್ರಾಗ. ಒಂದು ನಿಮಿಷದ ಫಿಲ್ಮು, ಇದನ್ನ ಕತ್ತರಿಸಿಬಿಡ್ರಿ” ಎಂದು ಅಲ್ಲಿಗೇ ನಿಲ್ಲಿಸಿದರು.

“ಮನಿಗೆ ಹೋಗಿ ನೋಡ್ತೀನ್ರಿ ಸರ್” ಎಂದಳು ದೊಡ್ಡಮ್ಮ. ಎಮ್ಮೆಯನ್ನೇ ಇಳಿಸದವಳು ಆಕಾಶವನ್ನು ಇಳಿಸುತ್ತಾಳೆಯೇ ಎಂದು ನನಗೆ ಒಳಗೊಳಗೇ ನಗು ಬಂತು.

ಸಂಜೆ ಮನೆಯಲ್ಲಿ ಅವಳು ಕಂಪ್ಯೂಟರಿನ ಮುಂದೆ ಕುಳಿತಿದ್ದಳು, ನಾನು ಪಕ್ಕದಲ್ಲಿ. ಫಿಲ್ಮಿನ ಕೊನೆಗೆ ನಮ್ಮ ಹೆಸರು ಬರೆದುಕೊಡ್ತೀನಿ ಅಂತ ಬಂದವಳು ನಾನು. ಆಕಾಶದ ತುಂಡು ಪರದೆಯ ಮೇಲಿತ್ತು. “ಇದನ್ನ ನಾನಾ ತೆಗೀತೀನಿ, ನಿನಗ ಮನಸ್ಸಾಗಂಗಿಲ್ಲ” ಎಂದು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ.

“ಹೋಲ್ಡಾನ್” ಎಂದಳು. ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು, ಸೌಂಡು ಜೋರು ಮಾಡಿದಳು.

ನೀಲಿ. ಒಂದು ಹದ್ದು ಈ ಮೂಲೆಯಿಂದ ಆ ಮೂಲೆಗೆ ನಿಧಾನ ತೇಲಿತು. ದೂರದಲ್ಲಿ ಕುರ್ಚಿಯ ಕಟಕಟ. ಆಮೇಲೆ, ತೀರ ಹತ್ತಿರದಲ್ಲಿ, ನಾನು ಎಂದೂ ಕೇಳಿರದ ಒಂದು ದನಿ. ಅದು ದೊಡ್ಡಮ್ಮನದು ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು.

“ಎಲ್ಲಿಗೆ ಹೊಂಟಿದ್ರಿ?”

ಚಪ್ಪಲಿ ಬಂಡೆಗೆ ಉಜ್ಜಿದ ಸದ್ದು.

“ಎಲ್ಲಿಗೆ ಹೊಂಟಿದ್ರಿ ಡ್ರೈವರ್ರೇ? ಕಂಡಕ್ಟರ್‌ನ ಕೆಳಗ ಬಿಟ್ಟು ಗಾಡಿ ತಗೀತಾರೇನು?”

“ರೈಟ್ ಅಂದ್ರು.” ದೊಡ್ಡಪ್ಪನ ದನಿ ಏದುಸಿರಿನಲ್ಲಿತ್ತು. “ನಡದೆ.”

“ಆ ದನಿ ನಂದೇನು?”

ಹದ್ದು ಮತ್ತೆ ಬಂತು. ಬಾಳೆಯೆಲೆಗಳ ಸದ್ದು.

“ಅಲ್ಲ” ಎಂದ ದೊಡ್ಡಪ್ಪ. “ಹೋಲ್ಡಾನ್ ಅಂದದ್ದು ನಿಂದು. ಅದಕ್ಕಾ ನಿಂತೆ.”

ಆಮೇಲೆ ಆಕಾಶದೊಳಗೆ ಒಂದು ಗಲ್ಲ, ಬಿಳಿ ಮೀಸೆ, ಎರಡು ದೊಡ್ಡ ಮೂಗಿನ ಹೊಳ್ಳೆ ಬಂದವು. ಇಡೀ ಫಿಲ್ಮಿನಲ್ಲಿ ದೊಡ್ಡಪ್ಪ ಕಾಣುವುದು ಅದೊಂದೇ ಕಡೆ, ಅದೂ ತಲೆಕೆಳಗಾಗಿ. ಅವನು ಬಗ್ಗಿ ನಮ್ಮನ್ನೇ ನೋಡುತ್ತಾ, “ಇನ್ನಾ ಓಡಾಕತ್ತೈತೇನು ಇದು?” ಎಂದ. ಅಲ್ಲಿಗೆ ಮುಗಿಯಿತು.

ದೊಡ್ಡಮ್ಮ ಆ ತುಂಡನ್ನು ಹಿಡಿದು ಎಳೆದು ಟೈಮ್‌ಲೈನಿನ ತುದಿಯಲ್ಲಿ, ಕಂಪ್ಲಿ ಬರುವ ಜಾಗದಲ್ಲಿ, ಪೂರ್ತಿಯಾಗಿ ಕೂರಿಸಿದಳು.

ಬಾಗಿಲಲ್ಲಿ ಸದ್ದಾಯಿತು. ಕುರ್ಚಿ ಹೋದಾಗಿನಿಂದ ದೊಡ್ಡಪ್ಪನಿಗೆ ಪಡಸಾಲೆಯಲ್ಲಿ ಕೂರಲು ಜಾಗವಿಲ್ಲ. ಹೊಸದು ತರುವ ಮಾತನ್ನು ದೊಡ್ಡಮ್ಮ ಎತ್ತುವುದೇ ಇಲ್ಲ. ಸಂಜೆಯಾದರೆ ಚಪ್ಪಲಿ ಮೆಟ್ಟಿಕೊಂಡು ಹೊಸಲ ಮೇಲೆ ನಿಂತು ಕಾಯುತ್ತಾನೆ.

“ಕಂಡಕ್ಟ್ರೇ?”

ದೊಡ್ಡಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸೆರಗಿನಿಂದ ಒಮ್ಮೆ ಮೂಗೊರೆಸಿಕೊಂಡು, ಮೇಜಿಗೆ ಎರಡು ಸಲ ಬಡಿದಳು.

“ರೈಟ್.”

ಆ ಶಬ್ದಕ್ಕೆ ನನ್ನ ಕೈ ತಾನಾಗಿಯೇ ಮೇಜಿನ ಅಂಚನ್ನು ಹಿಡಿಯಿತು. ಹೊರಗೆ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು, ಓಣಿಯುದ್ದ ಸಾಗಿತು. ನಾವಿಬ್ಬರೂ ಕೇಳುತ್ತಾ ಕುಳಿತೆವು. ಓಣಿಯ ಕೊನೆಯಲ್ಲಿ ಅದು ಒಂದು ಗಳಿಗೆ ನಿಂತಿತು. ಆಮೇಲೆ, ನಿಧಾನವಾಗಿ, ಬಲಗಡೆಗೆ ತಿರುಗಿತು.